ವೋಚರ್ ಎಲ್ಲಿ ಉಂಟು ಮಾರಾಯ: ಇರಾನಿನಲ್ಲಿ ಎಂಟು ದಿನ

ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ ಪಾರ್ಸಿಗಳ ಅಗಿಯಾರಿ, ಅಂದರೆ ಅಗ್ನಿಮಂದಿರ ಇದೆ. ಅದರ ಮುಂದೆ ಎಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಒಳಗೆ ಹೋಗಿಲ್ಲ. ಹೋಗುವ ಹಾಗೂ ಇಲ್ಲ, ಪಾರ್ಸಿಗಳಲ್ಲದವರಿಗೆ ಅಲ್ಲಿ ಪ್ರವೇಶವಿಲ್ಲ. ಆ ಗೋಡೆಯ ಆಚೆ ಉರಿಯುವ ಬೆಂಕಿಯ ಬಗ್ಗೆ ಓದುತ್ತಾ ಓದುತ್ತಾ ಒಂದು ದಿನ ಗೆಳೆಯನ ಮುಂದೆ ಬಾಯಿ ಬಿಟ್ಟೆ. ಸ್ವರ್ಗ, ನರಕ, ಸೈತಾನ, ಕೊನೆಯ ತೀರ್ಪಿನ ದಿನ, ಸತ್ತವರು ಎದ್ದು ಬರುವುದು, ಇವೆಲ್ಲ ಪಾರ್ಸಿಗಳ ಪ್ರವಾದಿ, ಹಳೆಯ ಇರಾನಿನ ಜರತುಷ್ಟ್ರನ ಧರ್ಮದಿಂದ ಯಹೂದಿಗಳಿಗೆ ಬಂದು, ಅಲ್ಲಿಂದ ಕ್ರೈಸ್ತರಿಗೆ, ಮುಸ್ಲಿಮರಿಗೆ ಹೋಗಿದೆಯಂತೆ ಅಂದೆ.

ಗೆಳೆಯ ಮಂಗಳೂರಿನ ಕಥೋಲಿಕ. ಬ್ಯಾಂಕಿನಲ್ಲಿ ದುಡಿದು, ಕೊನೆಯ ಹದಿನೈದು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ರಿಟೈರ್ ಆದವನು. ಚಹಾ ಕಪ್ಪು ಕೆಳಗಿಟ್ಟು ಒಂದೇ ಮಾತು ಕೇಳಿದ: "ವೋಚರ್ ಎಲ್ಲಿ ಉಂಟು ಮಾರಾಯ?"

ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವನು. ಲೆಕ್ಕಕ್ಕೆ ಪುರಾವೆಯಾಗಿ ಇಡುವ ವೋಚರ್ ನಮ್ಮ ಕಡೆ ಬಳಕೆಯಲ್ಲಿಲ್ಲ. ಆದರೂ ಮಾತು ಬೆಳೆಯಿತು, ಹಟ ಬೆಳೆಯಿತು. ಕೊನೆಗೆ ಅವನೇ "ಹೋಗಿ ನೋಡಿಯೇ ಬರುವ" ಅಂದ. 2018ರ ಅಕ್ಟೋಬರ್‌ನಲ್ಲಿ ಇಬ್ಬರೂ ಹೊರಟೆವು. ಅವನ ಚೀಲದಲ್ಲಿ ಒಂದು ಬೈಬಲು, ಒಂದು ಉದ್ದನೆಯ ಲೆಕ್ಕದ ಪುಸ್ತಕ. ಪುಸ್ತಕದಲ್ಲಿ ಮೂರು ಕಾಲಂ ಗೆರೆ ಹಾಕಿದ್ದ: "ಖಾತ್ರಿ", "ಇರಬಹುದು", "ಬರೀ ಮಾತು".

ಮೊದಲ ದಿನ: ತೆಹ್ರಾನ್

ನಮ್ಮ ಕಾರ್ಡುಗಳು ಇರಾನಿನಲ್ಲಿ ನಡೆಯುವುದಿಲ್ಲ. ಎಂಟು ದಿನಕ್ಕೆ ಬೇಕಾದ ದುಡ್ಡನ್ನು ನೋಟಿನಲ್ಲೇ ಒಯ್ಯಬೇಕು. ಬದಲಾಯಿಸಿದರೆ ಸೊನ್ನೆಗಳು ಮುಗಿಯುವುದೇ ಇಲ್ಲ. ನೋಟಿನ ಮೇಲೆ ರಿಯಾಲ್ ಎಂದಿರುತ್ತದೆ, ಜನ ಹೇಳುವುದು ತೊಮಾನ್. ಹತ್ತು ರಿಯಾಲಿಗೆ ಒಂದು ತೊಮಾನ್. ಮೊದಲ ಟ್ಯಾಕ್ಸಿಯವನಿಗೆ ಹತ್ತು ಪಟ್ಟು ಕಡಿಮೆ ಕೊಟ್ಟು ಕೆಳಗಿಳಿದುಬಿಟ್ಟೆ. ಆತ ಬೈಯಲಿಲ್ಲ, ನಗುತ್ತಾ ಹಿಂದೆ ಓಡಿ ಬಂದ. ಇನ್‌ಸ್ಪೆಕ್ಷನ್ ವಿಭಾಗದವರ ಮುಂದೆ ಮಾನ ಹೋಯಿತು.

ಸಂಜೆ ರಾಷ್ಟ್ರೀಯ ಮ್ಯೂಸಿಯಂ ಹತ್ತಿರದ ಸೀ-ಎ-ತೀರ್ ಬೀದಿಗೆ ಹೋದೆವು. ಸ್ವಲ್ಪ ದೂರದೊಳಗೇ ಒಂದು ಯಹೂದಿ ಸಿನಗಾಗ್, ಚರ್ಚುಗಳು, ಜರತುಷ್ಟ್ರರ ಅಗ್ನಿಮಂದಿರ. ಅಗ್ನಿಮಂದಿರದ ಗೇಟು ಆ ಹೊತ್ತಿಗೆ ಮುಚ್ಚಿತ್ತು. ರೆಕ್ಕೆ ಹರಡಿದ ಗಡ್ಡದ ಮನುಷ್ಯನ ಚಿತ್ರವನ್ನಷ್ಟೇ ನೋಡಿದೆವು. ಅದಕ್ಕೆ ಫರವಹರ್ ಅನ್ನುತ್ತಾರೆ. ಇರಾನಿನಲ್ಲಿ ಅದು ಕೀಚೈನಿನ ಮೇಲೂ ಇದೆ, ಹುಡುಗಿಯರ ಕತ್ತಿನ ಸರದಲ್ಲೂ ಇದೆ. ಜೊತೆಗೆ ಮೂರು ಮಾತು: ಪೆಂದಾರ್-ಎ-ನೀಕ್, ಗೊಫ್ತಾರ್-ಎ-ನೀಕ್, ಕೆರ್ದಾರ್-ಎ-ನೀಕ್. ಒಳ್ಳೆಯ ಯೋಚನೆ, ಒಳ್ಳೆಯ ಮಾತು, ಒಳ್ಳೆಯ ಕೆಲಸ. ಜರತುಷ್ಟ್ರರ ಧರ್ಮಗ್ರಂಥ ಅವೆಸ್ತಾದ ಹಳೆಯ ಭಾಷೆಯಲ್ಲಿ ಇದು ಹುಮತ, ಹೂಖ್ತ, ಹ್ವರ್ಷ್ತ. 'ಹು' ಅಂದರೆ ನಮ್ಮ 'ಸು'. ಸುಮತ, ಸೂಕ್ತ ಅಂದುಕೊಂಡರೆ ಅರ್ಥ ತಾನಾಗಿ ಬರುತ್ತದೆ. ನಮ್ಮ 'ಸ' ಅವರಲ್ಲಿ 'ಹ' ಆಗುವುದು ಗೊತ್ತಿರುವುದೇ ಅಲ್ವಾ? ಸಪ್ತ ಅವರಿಗೆ ಹಪ್ತ, ಸೋಮ ಹವೋಮ. ಹಳಗನ್ನಡದ ಪ ಹೊಸಗನ್ನಡದಲ್ಲಿ ಹ ಆದ ಪಾಠ ಮಾಡಿ ಮಾಡಿ ನನಗೆ ಇಂಥದ್ದರಲ್ಲಿ ವಿಪರೀತ ಆಸೆ.

ಗೆಳೆಯ ರಸ್ತೆ ಬದಿಯ ಬೆಂಚಿನಲ್ಲಿ ಕೂತು ಮೊದಲು ಇಸವಿಗಳನ್ನು ಹೇಳು ಅಂದ. ಹೇಳಿದೆ. ಯೆರೂಸಲೇಮಿನ ದೇವಾಲಯ ಸುಟ್ಟು ಯಹೂದಿಗಳನ್ನು ಬ್ಯಾಬಿಲೋನಿಗೆ ಎಳೆದೊಯ್ದದ್ದು ಕ್ರಿ.ಪೂ. 586ರ ಸುಮಾರಿಗೆ. ಪರ್ಷಿಯಾದ ದೊರೆ ಸೈರಸ್ ಬ್ಯಾಬಿಲೋನ್ ಗೆದ್ದದ್ದು ಕ್ರಿ.ಪೂ. 539ರಲ್ಲಿ. ಆತ ಅವರನ್ನು ಊರಿಗೆ ಬಿಟ್ಟ. ಅಲ್ಲಿಂದ ಅಲೆಕ್ಸಾಂಡರ್ ಬರುವವರೆಗೆ ಸುಮಾರು 200 ವರ್ಷ ಯಹೂದಿಗಳು ಪರ್ಷಿಯಾದ ಆಳ್ವಿಕೆಯಲ್ಲೇ ಇದ್ದರು. "200 ವರ್ಷ ಒಂದೇ ವಠಾರದಲ್ಲಿ ಇದ್ದರೆ ಹಿಟ್ಟು ಹುಳಿ ಸಾಲ ತೆಗೆದುಕೊಂಡಿರ್ತಾರೆ. ಆದರೆ ಅದು ಅವಕಾಶ ಮಾತ್ರ, ಪುರಾವೆ ಅಲ್ಲ" ಅಂದ. ಪುಸ್ತಕ ತೆರೆಯಲಿಲ್ಲ.

ಎರಡನೇ ದಿನ: ರೇ, ಸಾವೆ, ಹಮದಾನ್

ಬೆಳಗ್ಗೆ ಬಾಡಿಗೆ ಕಾರು ಹತ್ತಿ ಮೊದಲು ತೆಹ್ರಾನಿನ ದಕ್ಷಿಣದ ರೇ ಊರಿಗೆ ಹೋದೆವು. ಈಗ ಅದು ಮಹಾನಗರದ ಒಂದು ಮೂಲೆ. ಅವೆಸ್ತಾದಲ್ಲಿ ಅದರ ಹೆಸರು ರಘಾ. ಬೈಬಲಿನ ತೊಬಿತನ ಪುಸ್ತಕದಲ್ಲಿ ರಾಗೆಸ್.

ತೊಬಿತನ ಪುಸ್ತಕ ಕಥೋಲಿಕರ ಬೈಬಲಿನಲ್ಲಿದೆ, ಪ್ರಾಟೆಸ್ಟೆಂಟರದ್ದರಲ್ಲಿ ಇಲ್ಲ. ಹಾಗಾಗಿ ಇವತ್ತಿನ ದಿನ ಗೆಳೆಯನದ್ದು. ಕಾರು ಹೈವೇ ಸೇರಿದ ಮೇಲೆ ಕಥೆ ಹೇಳಿದ, ಚಿಕ್ಕಂದಿನಲ್ಲಿ ಅವನ ಅಜ್ಜಿ ಕೊಂಕಣಿಯಲ್ಲಿ ಹೇಳುತ್ತಿದ್ದ ಕಥೆ. ಕುರುಡಾದ ತೊಬಿತ ತನ್ನ ಮಗನನ್ನು ರಾಗೆಸಿನಲ್ಲಿ ಇಟ್ಟ ಹಣ ತರಲು ಕಳಿಸುತ್ತಾನೆ. ಜೊತೆಗೆ ರಫಾಯೆಲ್ ದೇವದೂತ ಮನುಷ್ಯನ ವೇಷದಲ್ಲಿ ಹೊರಡುತ್ತಾನೆ. ಒಂದು ನಾಯಿಯೂ ಇರುತ್ತದೆ. ಎಕ್ಬತಾನಾ ಊರಲ್ಲಿ ಸಾರಾ ಎಂಬ ಹುಡುಗಿ. ಅವಳಿಗೆ ಒಂದು ದೆವ್ವದ ಕಾಟ. ಮದುವೆಯಾದ ಏಳು ಗಂಡಂದಿರನ್ನೂ ಅದು ಮೊದಲ ರಾತ್ರಿಯೇ ಕೊಂದಿರುತ್ತದೆ. ದೆವ್ವದ ಹೆಸರು ಅಸ್ಮೊದೇಯುಸ್.

ನಾನು ಕಾದಿದ್ದದ್ದೇ ಅದಕ್ಕೆ. "ಆ ಹೆಸರು ಯಾವ ಭಾಷೆ ಹೇಳು?" ಅಂದೆ. ಅವನಿಗೆ ಗೊತ್ತಿರಲಿಲ್ಲ. ಅವೆಸ್ತಾದಲ್ಲಿ ಅಯೆಷ್ಮ ಅಂತ ಒಬ್ಬ ಇದ್ದಾನೆ, ಸಿಟ್ಟಿನ ಭೂತ. ಅಯೆಷ್ಮ ದಯೇವ ಅಂದರೆ ಸಿಟ್ಟಿನ ದೆವ್ವ. ಅದೇ ಗ್ರೀಕಿನಲ್ಲಿ ಅಸ್ಮೊದೇಯುಸ್ ಆಗಿದೆ ಎಂಬುದು ಹೆಚ್ಚಿನ ವಿದ್ವಾಂಸರ ಮಾತು. ಕಥೆಯಲ್ಲಿ ಬರುವ ರಾಗೆಸ್, ಎಕ್ಬತಾನಾ ಎರಡೂ ಇರಾನಿನವೇ. ನಾವು ಹೋಗುತ್ತಿದ್ದದ್ದೂ ರಾಗೆಸಿನಿಂದ ಎಕ್ಬತಾನಾಕ್ಕೆ.

ಗೆಳೆಯ ಸ್ವಲ್ಪ ಹೊತ್ತು ಕಿಟಕಿ ನೋಡಿದ. ಆಮೇಲೆ ಪುಸ್ತಕ ತೆಗೆದು "ಖಾತ್ರಿ" ಕಾಲಂನಲ್ಲಿ ಬರೆದ: ದೆವ್ವ ಒಂದು. ನಾಯಿಯನ್ನೂ ಸೇರಿಸು ಅಂದೆ, ಜರತುಷ್ಟ್ರರಿಗೆ ನಾಯಿ ಬಹಳ ಮುಖ್ಯ. ಬೇರೆ ಯಹೂದಿ ಕಥೆಗಳಲ್ಲಿ ನಾಯಿಗೆ ಇಂಥ ಮರ್ಯಾದೆ ಅಪರೂಪ. "ನಾಯಿ ಎಲ್ಲ ಊರಲ್ಲೂ ಉಂಟು" ಎಂದು ಅದನ್ನು "ಇರಬಹುದು" ಕಾಲಂಗೆ ತಳ್ಳಿದ.

ದಾರಿಯಲ್ಲಿ ಸಾವೆ ಸಿಕ್ಕಿತು. ದಾಳಿಂಬೆಯ ಊರು. ರಸ್ತೆ ಬದಿಯಲ್ಲಿ ಪೆಟ್ಟಿಗೆ ಪೆಟ್ಟಿಗೆ ಕೆಂಪು. ಕ್ರಿಸ್ತ ಹುಟ್ಟಿದಾಗ ನಕ್ಷತ್ರ ನೋಡಿಕೊಂಡು ಬಂದ ಮೂವರು ಜ್ಞಾನಿಗಳು ಹೊರಟದ್ದು ಈ ಊರಿನಿಂದ, ಅವರ ಸಮಾಧಿ ಇಲ್ಲಿದೆ ಎಂದು 13ನೇ ಶತಮಾನದಲ್ಲಿ ಮಾರ್ಕೋ ಪೋಲೋ ಬರೆಸಿದ. ಜರ್ಮನಿಯ ಕೊಲೋನ್ ಕಥೆದ್ರಾಲಿನವರು ಆ ಮೂಳೆಗಳು ತಮ್ಮಲ್ಲಿವೆ ಅನ್ನುತ್ತಾರೆ. ಮೂಳೆ ಎಲ್ಲಾದರೂ ಇರಲಿ, ಮತ್ತಾಯನ ಸುವಾರ್ತೆಯ ಮೂಲ ಗ್ರೀಕಿನಲ್ಲಿ ಅವರನ್ನು ಕರೆದಿರುವುದು 'ಮಾಗೋಯ್' ಎಂದು. ಮಾಗಿ ಅಂದರೆ ಇರಾನಿನ ಪುರೋಹಿತರು. ಮ್ಯಾಜಿಕ್ ಎಂಬ ಮಾತು ಬಂದದ್ದೂ ಅಲ್ಲಿಂದಲೇ. ಕ್ರಿಸ್‌ಮಸ್ಸಿಗೆ ಗೋದಲಿ ಮಾಡುವಾಗ ಈ ಮೂವರು 'ಅರಸರ' ಗೊಂಬೆಗಳನ್ನು ಒಂಟೆಯ ಪಕ್ಕ ನಿಲ್ಲಿಸುವ ಕೆಲಸ ಚಿಕ್ಕಂದಿನಲ್ಲಿ ಗೆಳೆಯನದ್ದೇ ಆಗಿತ್ತಂತೆ. "ಅವರು ಭಟ್ರು ಅಂತ ಗೊತ್ತಿರಲಿಲ್ಲ" ಅಂದ.

ಮೂರನೇ ದಿನ: ಹಮದಾನ್

ಎಕ್ಬತಾನಾ ಅಂದರೆ ಇದೇ. ಅಲ್ವಂದ್ ಬೆಟ್ಟದ ಬುಡದ ಊರು. ಅಕ್ಟೋಬರಿನಲ್ಲೇ ಸ್ವೆಟರ್ ಬೇಕಾಯಿತು.

ಊರ ನಡುವೆ ಎಸ್ತೇರ್ ಮತ್ತು ಮೊರ್ದೆಕೈ ಅವರದ್ದು ಎನ್ನುವ ಸಮಾಧಿ ಇದೆ. ಇಟ್ಟಿಗೆಯ ಗುಮ್ಮಟ. ಒಳಗೆ ಹೋಗಲು ಇಡೀ ಕಲ್ಲಿನ ಒಂದು ಕುಳ್ಳು ಬಾಗಿಲು, ತಲೆ ಬಗ್ಗಿಸದೆ ಆಗುವುದೇ ಇಲ್ಲ. ಎಸ್ತೇರ್ ಬೈಬಲಿನ ಕಥೆಯಲ್ಲಿ ಪರ್ಷಿಯಾದ ದೊರೆಯನ್ನು ಮದುವೆಯಾಗಿ ತನ್ನ ಯಹೂದಿ ಜನರನ್ನು ಉಳಿಸಿದವಳು. ಈ ಸಮಾಧಿ ಅವಳದ್ದಲ್ಲ, ಸುಮಾರು 900 ವರ್ಷ ಈಚಿನ, ಇಸ್ಲಾಂ ಬರುವ ಮೊದಲು ಇರಾನನ್ನು ಆಳಿದ ಸಸಾನಿ ವಂಶದ ದೊರೆ ಮೊದಲನೆಯ ಯಜ್ದೆಗೆರ್ದನ ಯಹೂದಿ ರಾಣಿ ಶೂಶಾನ್‌ದುಖ್ತಳದ್ದು ಇರಬಹುದು ಎನ್ನುವವರೂ ಇದ್ದಾರೆ. ಯಾರದ್ದಾದರೂ ಯಹೂದಿ ಹೆಣ್ಣೊಬ್ಬಳು ಇರಾನಿನ ಅರಮನೆಯೊಳಗೆ ಇದ್ದಳು ಎನ್ನುವುದಂತೂ ಎರಡೂ ಕಡೆ ಇದೆ.

ಸಮಾಧಿಯ ಅಂಗಳದಲ್ಲಿ ಗೆಳೆಯ ಬೈಬಲು ತೆರೆದು ತಾನೇ ಒಂದು ವೋಚರ್ ಹುಡುಕಿಕೊಟ್ಟ. ನಾನು ಕೇಳಿರಲಿಲ್ಲ. ಪ್ರಾಮಾಣಿಕ ಆಡಿಟರ್ ಅಂದರೆ ಹೀಗಿರಬೇಕು. ದಾವೀದ ರಾಜ ಜನಗಣತಿ ಮಾಡಿಸಿ ಪಾಪ ಕಟ್ಟಿಕೊಂಡ ಕಥೆ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ. ಎರಡನೆಯ ಸಮುವೇಲ 24ರಲ್ಲಿ ಆ ಕೆಲಸಕ್ಕೆ ದಾವೀದನನ್ನು ಪ್ರೇರೇಪಿಸುವವನು ದೇವರೇ. ಪರ್ಷಿಯಾದ ಕಾಲದಲ್ಲಿ ಅಥವಾ ಅದಾದ ಮೇಲೆ ಬರೆದ ಮೊದಲನೆಯ ಪೂರ್ವಕಾಲವೃತ್ತಾಂತ 21ರಲ್ಲಿ ಅದೇ ಕಥೆ ಮತ್ತೆ ಬರುತ್ತದೆ. ಈ ಸಲ ಪ್ರೇರೇಪಿಸುವವನು ಸೈತಾನ.

"ಒಂದೇ ಎಂಟ್ರಿ, ಎರಡು ಲೆಜ್ಜರು, ಹೆಸರು ಬೇರೆ" ಅಂದ. ಮಧ್ಯೆ ಏನೋ ಆಗಿದೆ. ಕೆಟ್ಟದ್ದಕ್ಕೆಲ್ಲ ದೇವರನ್ನೇ ಹೊಣೆ ಮಾಡುವುದು ಕಷ್ಟ ಅನ್ನಿಸಿದೆ. ಜರತುಷ್ಟ್ರನೇ ಹಾಡಿದ್ದು ಎನ್ನುವ ಸ್ತೋತ್ರಗಳಾದ ಗಾಥೆಗಳಲ್ಲಿ ಆ ತೊಂದರೆ ಮೊದಲಿಂದಲೂ ಇಲ್ಲ. ಅಲ್ಲಿ ಅವಳಿಗಳಂಥ ಎರಡು ಚೇತನಗಳಿವೆ. ಒಂದು ಒಳ್ಳೆಯದನ್ನು ಆರಿಸಿಕೊಂಡಿತು, ಇನ್ನೊಂದು ಕೆಟ್ಟದ್ದನ್ನು. ಕೆಟ್ಟದ್ದರ ಹೆಸರು ಅಂಗ್ರ ಮೈನ್ಯು, ಮುಂದೆ ಅಹ್ರಿಮನ್. ಆದರೆ ಬೈಬಲಿನ ಸೈತಾನ ನೇರವಾಗಿ ಅಹ್ರಿಮನನೇ ಅಂತ ಹೇಳಲು ನನಗೂ ಧೈರ್ಯ ಬರಲಿಲ್ಲ. ಯೋಬನ ಪುಸ್ತಕದಲ್ಲಿ ಸೈತಾನ ಇನ್ನೂ ದೇವರ ಆಫೀಸಿನ ತಪಾಸಣೆಯವನ ಹಾಗೇ ಇದ್ದಾನೆ. ಈ ಮಾತಿಗೆ ಗೆಳೆಯ ಮುಖ ಗಂಟು ಹಾಕಿಕೊಂಡ.

ಮಧ್ಯಾಹ್ನ ಊರ ಹೊರಗಿನ ಗಂಜ್‌ನಾಮೆ. ಜಲಪಾತದ ಪಕ್ಕದ ಬಂಡೆಯಲ್ಲಿ ಪರ್ಷಿಯಾದ ದೊರೆ ದಾರಿಯಸ್ ಮತ್ತು ಅವನ ಮಗ ಕ್ಸರ್ಕ್ಸಿಸ್ ಕೆತ್ತಿಸಿದ ಎರಡು ಶಾಸನ. ಮೂರು ಭಾಷೆ, ಮೊಳೆ ಚುಚ್ಚಿದ ಹಾಗಿರುವ ಲಿಪಿ. ಶುರುವಾಗುವುದು ಹೀಗೆ: ಅಹುರಮಜ್ದಾ ದೊಡ್ಡ ದೇವರು, ಈ ಭೂಮಿಯನ್ನು ಮಾಡಿದವನು, ಆ ಆಕಾಶವನ್ನು ಮಾಡಿದವನು, ಮನುಷ್ಯನನ್ನು ಮಾಡಿದವನು, ಮನುಷ್ಯನಿಗೆ ಸುಖವನ್ನು ಮಾಡಿದವನು. ಈ ಕೊನೆಯ ಮಾತು ನನಗೆ ಬಹಳ ಇಷ್ಟ. ನಮ್ಮ ಶಾಸನಗಳಲ್ಲಿ ದಾನ ಬರುತ್ತದೆ, ಶಾಪ ಬರುತ್ತದೆ. ಸುಖವನ್ನೂ ದೇವರು ಮಾಡಿದ ಎಂದು ರಾಜನೊಬ್ಬ ಬಂಡೆಗೆ ಬರೆಸಿದ್ದು ನಾನು ಬೇರೆಲ್ಲೂ ಓದಿಲ್ಲ.

ಗೆಳೆಯ ಬಂಡೆಯ ಮುಂದೆ ನಿಂತು ಯೆಶಾಯ 45 ಓದಿದ. ಅದು ಸೈರಸನಿಗೇ ಹೇಳಿದ ಮಾತು. ಕನ್ನಡ ಬೈಬಲಿನಲ್ಲಿ ಆತನ ಹೆಸರು ಕೋರೆಷ. ಯಹೂದಿಯಲ್ಲದ ಈ ದೊರೆಯನ್ನು ಅಲ್ಲಿ 'ಅಭಿಷಿಕ್ತ' ಎಂದು ಕರೆದಿದೆ. ಹೀಬ್ರೂವಿನಲ್ಲಿ ಆ ಪದ ಮೆಸ್ಸೀಯ. ಅದೇ ಅಧ್ಯಾಯದಲ್ಲಿ ದೇವರು ಬೆಳಕನ್ನು ಮಾಡುವವನೂ ನಾನೇ, ಕತ್ತಲೆಯನ್ನು ಮಾಡುವವನೂ ನಾನೇ ಅನ್ನುತ್ತಾನೆ. ಬೆಳಕಿಗೆ ಒಬ್ಬ, ಕತ್ತಲೆಗೆ ಒಬ್ಬ ಎನ್ನುವ ಪಕ್ಕದ ಮನೆಯವರಿಗೆ ಕೊಟ್ಟ ಉತ್ತರ ಇದು ಎಂದು ಕೆಲವರು ಓದುತ್ತಾರೆ. ಹಾಗಿದ್ದರೆ ಪ್ರಭಾವ ಅಂದರೆ ಬರೀ ತೆಗೆದುಕೊಳ್ಳುವುದಲ್ಲ, ಜಗಳ ಆಡುವುದೂ ಹೌದು. ಇದು "ಇರಬಹುದು" ಕಾಲಂಗೆ ಹೋಯಿತು.

ನಾಲ್ಕನೇ ದಿನ: ಬಸ್ಸು

ಹಮದಾನಿನಿಂದ ಇಸ್ಫಹಾನ್, ಅಲ್ಲಿ ಬಸ್ಸು ಬದಲಿಸಿ ಯಜ್ದ್. ದಿನ ಪೂರ್ತಿ ಕುಂಡೆ ನೋವು. ಬಸ್ಸಿನಲ್ಲಿ ಪ್ರತಿಯೊಬ್ಬರಿಗೂ ಒಂದು ತಿಂಡಿ ಪೊಟ್ಟಣ ಕೊಟ್ಟರು. ಎಲ್ಲ ಸಿಹಿ. ಬೆಟ್ಟ ಕರಗಿ ಮರುಭೂಮಿ ಆಯಿತು. ಇಸ್ಫಹಾನನ್ನು ಬಸ್‌ಸ್ಟ್ಯಾಂಡಿನಿಂದ ಮಾತ್ರ ನೋಡಿದವರು ನಾವಿಬ್ಬರೇ ಇರಬೇಕು.

ಐದನೇ ದಿನ: ಯಜ್ದ್

ಮಣ್ಣಿನ ಬಣ್ಣದ ಊರು. ಮನೆಗಳ ಮೇಲೆ ಗಾಳಿಗೋಪುರಗಳು, ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಏರ್ಪಾಡು.

ಅಗ್ನಿಮಂದಿರಕ್ಕೆ ಬೆಳಗ್ಗೆಯೇ ಹೋದೆವು. ಇಲ್ಲಿ ಯಾರು ಬೇಕಾದರೂ ಹೋಗಬಹುದು. ಮುಂದೆ ದುಂಡನೆಯ ಕೊಳ, ಸುತ್ತ ಮರ. ಕಟ್ಟಡ 1934ರದ್ದು, ಕಟ್ಟಲು ಬಾಂಬೆಯ ಪಾರ್ಸಿಗಳು ದುಡ್ಡು ಕೊಟ್ಟಿದ್ದರು. ಬೆಂಕಿ ಮಾತ್ರ ಕ್ರಿ.ಶ. 470ರ ಹೊತ್ತಿಗೆ ಹೊತ್ತಿಸಿದ್ದು, ಅವತ್ತಿಂದ ಆರಿಲ್ಲ ಎಂಬುದು ಇಲ್ಲಿಯವರ ನಂಬಿಕೆ. ಊರಿಂದೂರಿಗೆ ಹೊತ್ತು ತಂದದ್ದು. ಅಕ್ದಾದಲ್ಲಿತ್ತು, ಆಮೇಲೆ ಅರ್ದಕಾನಿನಲ್ಲಿತ್ತು, 1474ರಲ್ಲಿ ಯಜ್ದಿಗೆ ಬಂತು.

ಗಾಜಿನ ಆಚೆ ದೊಡ್ಡ ಕಂಚಿನ ಪಾತ್ರೆ. ಅದರಲ್ಲಿ ಸಾಧಾರಣ ಒಂದು ಬೆಂಕಿ. ಇನ್ನೇನು ಇರುತ್ತದೆ ಹೇಳಿ? ಬಾದಾಮಿ, ಜರ್ದಾಲು ಮರದ ಒಣ ಕಟ್ಟಿಗೆ ಹಾಕುತ್ತಾರಂತೆ. ಬಿಳಿ ಬಟ್ಟೆ ತೊಟ್ಟು, ಉಸಿರು ತಾಗದ ಹಾಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಪುರೋಹಿತ ಒಳಗೆ ಹೋಗುತ್ತಾನೆ. ಅವನನ್ನು ಮೊಬೆದ್ ಅನ್ನುತ್ತಾರೆ. ನಮ್ಮೂರಿನ ಗೋಡೆಯ ಆಚೆ ಏನಿದೆಯೋ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅಜ್ಜಿಯ ಬಚ್ಚಲ ಒಲೆಯಲ್ಲಿ ಇದ್ದಂಥದ್ದೇ ಬೆಂಕಿ. ಅರ್ಧ ಗಂಟೆ ನೋಡುತ್ತಾ ನಿಂತೆ.

ಅಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಜರತುಷ್ಟ್ರರು, ಬಾಂಬೆಯಲ್ಲಿ ಸಂಬಂಧಿಕರಿದ್ದಾರೆ, ಸ್ವಲ್ಪ ಹಿಂದಿ ಬರುತ್ತದೆ. ಸೊಂಟಕ್ಕೆ ಕಟ್ಟುವ ಕುಷ್ತಿಯ ಬಗ್ಗೆ ಕೇಳಿದೆ. ಉಣ್ಣೆಯ 72 ಎಳೆ. ಅವರ ಯಸ್ನ ಗ್ರಂಥದ ಅಧ್ಯಾಯಗಳೂ 72. ಹುಡುಗರಿಗೂ ಹುಡುಗಿಯರಿಗೂ ಕಟ್ಟುತ್ತಾರೆ. "ನಿಮ್ಮಲ್ಲಿ ಹುಡುಗಿಯರಿಗೆ ಯಾಕಿಲ್ಲ?" ಎಂದು ನನ್ನನ್ನೇ ಕೇಳಿದರು. ಜನಿವಾರದ ಬಗ್ಗೆ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಹೊರಗೆ ಬಂದು ಗೆಳೆಯನಿಗೆ ಅವೆಸ್ತಾದ ಒಂದು ಸಾಲು ಹೇಳಿದೆ. ಮಿಥ್ರ ದೇವರ ಸ್ತುತಿ: "ತಮ್ ಅಮವಂತಮ್ ಯಜತಮ್". ಸಂಸ್ಕೃತದಲ್ಲಿ ಬರೆದರೂ ಹಾಗೆಯೇ ಇರುತ್ತದೆ: ಆ ಬಲಶಾಲಿಯಾದ, ಪೂಜ್ಯನಾದವನನ್ನು. ಇದನ್ನು "ಖಾತ್ರಿ"ಗೆ ಹಾಕು ಅಂದೆ. ಅವನು ಒಪ್ಪಲಿಲ್ಲ. "ಇದು ಸಾಲ ಅಲ್ಲ ಮಾರಾಯ. ಅಣ್ಣ ತಮ್ಮಂದಿರ ಪಿತ್ರಾರ್ಜಿತ. ಪಾಲಾದ ಆಸ್ತಿಗೆ ವೋಚರ್ ಯಾಕೆ?"

ಸರಿಯಾಗಿ ಹೇಳಿದ. ಮತ್ತೆ ಪಾಲಾದ ಮನೆಯ ಜಗಳವೂ ಇದೆ. ನಮ್ಮಲ್ಲಿ ದೇವ ಒಳ್ಳೆಯವನು, ಅಸುರ ಕೆಟ್ಟವನು. ಅವರಲ್ಲಿ ಅಹುರ ದೇವರು, ದಯೇವ ದೆವ್ವ. ಋಗ್ವೇದದ ಹಳೆಯ ಭಾಗಗಳಲ್ಲಿ ವರುಣನನ್ನೇ ಅಸುರ ಎಂದು ಗೌರವದಿಂದ ಕರೆದದ್ದಿದೆ. ಇದನ್ನು ನೋಡಿ ಎಲ್ಲರೂ ಆಶ್ಚರ್ಯಪಡುತ್ತಾರೆ. ಕನ್ನಡದವರು ಪಡಬೇಕಾಗಿಲ್ಲ. 'ದೆವ್ವ' ಎಂಬ ನಮ್ಮ ಮಾತೇ ದೇವ, ದೈವಗಳ ಕಡೆಯಿಂದ ಬಂದದ್ದು. "ನಮ್ಮ ಊರಲ್ಲಿ ದೈವ ಅಂದರೆ ಕೈಮುಗೀತಾರೆ, ನಿಮ್ಮ ಊರಲ್ಲಿ ದೆವ್ವ ಅಂದರೆ ಓಡ್ತಾರೆ" ಎಂದ ಮಂಗಳೂರಿನವನು. ಘಾಟಿ ಹತ್ತುವುದರೊಳಗೆ ನಮ್ಮಲ್ಲೇ ಹೀಗಾಗಿದೆ, ಸಿಂಧೂ ನದಿ ದಾಟಿದರೆ ಕೇಳಬೇಕೇ?

ಸಂಜೆ ಊರ ಹೊರಗಿನ ದಖ್ಮಾ. ಬೋಳು ಬೆಟ್ಟದ ಮೇಲೆ ದುಂಡನೆಯ ಗೋಡೆ. ಭೂಮಿ, ನೀರು, ಬೆಂಕಿ ಮೈಲಿಗೆಯಾಗಬಾರದೆಂದು ಹೆಣವನ್ನು ಇಲ್ಲಿ ಹದ್ದುಗಳಿಗೆ ಇಡುತ್ತಿದ್ದರು. ಕಳೆದ ಶತಮಾನದ ನಡುವಿನ ನಂತರ ನಿಂತಿತು. ಈಗ ಸಿಮೆಂಟು ಹಾಕಿದ ಗುಂಡಿಯಲ್ಲಿ ಹೂಳುತ್ತಾರೆ. ಇಲ್ಲಿಯ ಒಂದು ದಖ್ಮಾಕ್ಕೆ ಮಾನೆಕ್‌ಜಿ ಲಿಮ್‌ಜಿ ಹತಾರಿಯಾ ಅವರ ಹೆಸರಿದೆ. ಸೂರತ್ ಕಡೆಯ ಪಾರ್ಸಿ. 1854ರಲ್ಲಿ ಇರಾನಿಗೆ ಬಂದು ಇಲ್ಲಿಯ ಬಡ ಜರತುಷ್ಟ್ರರ ಪರ ನಿಂತರು. ಮುಸ್ಲಿಮರಲ್ಲದ ಕಾರಣಕ್ಕೆ ಅವರು ಕಟ್ಟಬೇಕಿದ್ದ ಜಿಜ್ಯಾ ತೆರಿಗೆ ಹೋಗಬೇಕೆಂದು ವರ್ಷಗಟ್ಟಲೆ ಓಡಾಡಿದರು. 1882ರಲ್ಲಿ ದೊರೆ ಅದನ್ನು ತೆಗೆದ.

ಗೋಡೆಯೊಳಗೆ ನಿಂತು ಸತ್ತ ಮೇಲಿನ ಕಥೆ ಹೇಳಿದೆ. ಮೂರು ರಾತ್ರಿ ಜೀವ ದೇಹದ ಹತ್ತಿರವೇ ಇರುತ್ತದೆ. ನಾಲ್ಕನೇ ಬೆಳಗು ಚಿನ್ವತ್ ಸೇತುವೆಗೆ ಹೋಗುತ್ತದೆ. ಅಲ್ಲಿ ತಕ್ಕಡಿ ಹಿಡಿದು ತೂಗುತ್ತಾರೆ. ಒಳ್ಳೆಯವನಿಗೆ ಒಬ್ಬ ಚೆಂದದ ಹುಡುಗಿ ಎದುರಾಗುತ್ತಾಳೆ. ನೀನು ಯಾರು ಎಂದು ಕೇಳಿದರೆ, ನಾನು ನಿನ್ನದೇ ಯೋಚನೆ, ನಿನ್ನದೇ ಮಾತು, ನಿನ್ನದೇ ಕೆಲಸ ಅನ್ನುತ್ತಾಳೆ. ಸೇತುವೆ ಅಗಲವಾಗುತ್ತದೆ. ಕೆಟ್ಟವನಿಗೆ ಬರುವವಳು ಕುರೂಪಿ, ಸೇತುವೆ ಕತ್ತಿಯಂಚಿನಷ್ಟು ಸಣ್ಣ. ಮುಸ್ಲಿಮರ ಸಿರಾತ್ ಸೇತುವೆಯೂ ಕೂದಲಿಗಿಂತ ಸಣ್ಣ, ಕತ್ತಿಗಿಂತ ಹರಿತ.

ಗೆಳೆಯ ಇದನ್ನು ಕೂಡಲೇ ಬರೆದುಕೊಂಡ. ಅದೇ ರಾತ್ರಿ ಹೋಟೆಲಿನಲ್ಲಿ ಫೋನಿನಲ್ಲಿ ಏನೇನೋ ಓದಿ, ಅರ್ಧಕ್ಕರ್ಧ ಹೊಡೆದುಹಾಕಿದ. ಕಾರಣ ಇದೆ. ಈಗ ಉಳಿದಿರುವ ಅವೆಸ್ತಾದ ಅತಿ ಹಳೆಯ ಹಸ್ತಪ್ರತಿಗಳೇ 13-14ನೇ ಶತಮಾನದವು. ಸೃಷ್ಟಿ, ಪ್ರಳಯ, ಸತ್ತವರು ಏಳುವುದು ಇವನ್ನೆಲ್ಲ ವಿವರವಾಗಿ ಹೇಳುವ, ಆಮೇಲಿನ ಇರಾನಿ ಭಾಷೆ ಪಹ್ಲವಿಯ ಪುಸ್ತಕಗಳು ಈಗಿನ ರೂಪಕ್ಕೆ ಬಂದದ್ದು 9ನೇ ಶತಮಾನದ ಸುಮಾರಿಗೆ, ಇಸ್ಲಾಂ ಬಂದ ಮೇಲೆ. "ಹಾಗಿದ್ದರೆ ಯಾರು ಯಾರಿಂದ ತಗೊಂಡದ್ದು?" ಎಂದು ಮಂಚದ ಮೇಲೆ ಎದ್ದು ಕೂತ. ಬಾಯಿಪಾಠದಲ್ಲಿ ಉಳಿದ ಗಾಥೆಗಳ ಭಾಷೆ ಋಗ್ವೇದದಷ್ಟೇ ಹಳೆಯದು, 17 ಗಾಥೆಗಳಲ್ಲಿ ತೀರ್ಪಿನ ಮಾತೂ ಇದೆ, ಸೇತುವೆಯ ಹೆಸರೂ ಇದೆ ಅಂದೆ. ವೇದವನ್ನೂ ನಾವು ಬರೆದಿಟ್ಟು ಉಳಿಸಿಕೊಂಡೆವಾ? ಒಪ್ಪಿದ, ಪೂರ್ತಿ ಅಲ್ಲ. ಸೇತುವೆ "ಖಾತ್ರಿ"ಯಿಂದ "ಇರಬಹುದು"ಗೆ ಇಳಿಯಿತು. ನನಗೆ ನಿದ್ದೆ ಬರಲಿಲ್ಲ. ಅವನು ಗೊರಕೆ ಹೊಡೆದ.

ಆರನೇ ದಿನ: ಚಕ್ ಚಕ್

ಯಜ್ದಿನಿಂದ ಸುಮಾರು 70 ಕಿಲೋಮೀಟರು. ಬೋಳು ಬೆಟ್ಟದ ಮಧ್ಯೆ ಗೂಡಿನಂತೆ ಒಂದು ಗುಡಿ, ಕೆಳಗಿನಿಂದ ಮೆಟ್ಟಿಲು. ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ. ಆ ಸದ್ದೇ ಹೆಸರು: ಚಕ್, ಚಕ್. ಕನ್ನಡದಲ್ಲಿ ಆಗಿದ್ದರೆ 'ತೊಟ್ ತೊಟ್' ಆಗುತ್ತಿತ್ತು.

ಕೊನೆಯ ಸಸಾನಿ ದೊರೆ ಮೂರನೆಯ ಯಜ್ದೆಗೆರ್ದನ ಮಗಳು ನೀಕ್‌ಬಾನು. ಅರಬ್ ಸೈನ್ಯ ಬೆನ್ನಟ್ಟಿದಾಗ ಇಲ್ಲಿಗೆ ಓಡಿ ಬಂದು ಬೇಡಿಕೊಂಡಳು, ಬೆಟ್ಟ ಬಾಯಿಬಿಟ್ಟು ಅವಳನ್ನು ಒಳಗೆ ತೆಗೆದುಕೊಂಡಿತು. ತೊಟ್ಟಿಕ್ಕುವುದು ಬೆಟ್ಟದ ಕಣ್ಣೀರು. ಭೂಮಿ ಬಾಯಿಬಿಟ್ಟು ಮಗಳನ್ನು ಕರೆದುಕೊಳ್ಳುವ ಕಥೆ ನಮಗೆ ಹೊಸದಲ್ಲ. ಗೆಳೆಯ ನನ್ನ ಮುಖ ನೋಡಿ ಮೊದಲೇ ತಡೆದ: "ಸೀತೆಯನ್ನು ಇಲ್ಲಿ ತರಬೇಡ. ಬರೀ ಮಾತು ಕಾಲಂ ತುಂಬಿಹೋಗಿದೆ." ಪ್ರತಿ ಜೂನ್ ಮಧ್ಯದಲ್ಲಿ ಇಲ್ಲಿ ಜಾತ್ರೆ ಆಗುತ್ತದೆ, ದೂರದೂರದಿಂದ ಜರತುಷ್ಟ್ರರು ಬರುತ್ತಾರೆ. ನಾವು ಹೋದಾಗ ಯಾರೂ ಇರಲಿಲ್ಲ. ನೆಲ ಒದ್ದೆ, ಮೂರು ದೀಪ.

ಮರಳುವಾಗ ಅರ್ದಕಾನ್ ಹತ್ತಿರದ ಶರೀಫಾಬಾದ್ ಹಳ್ಳಿಯಲ್ಲಿ ಸ್ವಲ್ಪ ನಿಂತೆವು. ಈ ಧರ್ಮವನ್ನು ಜೀವನಪೂರ್ತಿ ಓದಿದ ಬ್ರಿಟಿಷ್ ವಿದ್ವಾಂಸೆ ಮೇರಿ ಬಾಯ್ಸ್ 1963-64ರಲ್ಲಿ ಇಲ್ಲಿಯ ಮನೆಯೊಂದರಲ್ಲಿ ಇದ್ದು, ಹಬ್ಬ ಹರಿದಿನ, ಮಡಿ ಮೈಲಿಗೆ ಎಲ್ಲ ನೋಡಿ ಬರೆದರು. ಯಹೂದಿ, ಕ್ರೈಸ್ತ, ಇಸ್ಲಾಂ ಧರ್ಮಗಳಿಗೆ ಇಲ್ಲಿಂದ ಬಹಳಷ್ಟು ಹೋಗಿದೆ ಎಂದು ಜೋರಾಗಿ ವಾದಿಸಿದವರೂ ಅವರೇ. ಅಷ್ಟು ಜೋರು ಬೇಡ ಎನ್ನುವ ವಿದ್ವಾಂಸರೂ ಇದ್ದಾರೆ.

ಆದರೆ ಆ ದಿನದ ಒಳ್ಳೆಯ ವೋಚರ್ ಕೊಟ್ಟವನು ನಮ್ಮ ಡ್ರೈವರ್. ಮಧ್ಯಾಹ್ನ ಕಾರು ನಿಲ್ಲಿಸಿ "ನಮಾಜ್ ಮಾಡಿ ಬರುತ್ತೇನೆ" ಎಂದು ಹೋದ. ಅರಬ್ಬಿಯಲ್ಲಿ ಅದಕ್ಕೆ ಸಲಾತ್ ಅನ್ನುತ್ತಾರೆ. ನಮಾಜ್ ಇರಾನಿನ ಹಳೆಯ ಮಾತು, ನಮ್ಮ 'ನಮಸ್'ನ ಒಡಹುಟ್ಟು. ಇಸ್ಲಾಂ ಬರುವ ಮೊದಲೇ ಜರತುಷ್ಟ್ರರು ಆ ಮಾತು ಬಳಸುತ್ತಿದ್ದರು. ಅವರೂ ದಿನವನ್ನು ಐದು ಗಾಹ್‌ಗಳಾಗಿ ಮಾಡಿ ಐದು ಹೊತ್ತು ಪ್ರಾರ್ಥಿಸುವವರು. ರೋಜಾ ಎಂಬುದೂ ಇರಾನಿನ ಮಾತೇ, ಅರಬ್ಬಿಯಲ್ಲಿ ಸೌಮ್. ಖುದಾ, ಪೈಗಂಬರ್, ಫರಿಶ್ತಾ ಎಲ್ಲ ಹಾಗೆಯೇ. ಸ್ವರ್ಗಕ್ಕೆ ಬೆಹೆಶ್ತ್. ಅದು ಅವೆಸ್ತಾದ ವಹಿಶ್ತ, ಎಲ್ಲಕ್ಕಿಂತ ಒಳ್ಳೆಯದು. ನಮ್ಮ 'ವಸಿಷ್ಠ' ಅದೇ ಪದ.

ಹೊಸ ಧರ್ಮ ಬಂತು, ಹಳೆಯ ಪಾತ್ರೆಗಳು ಹೋಗಲಿಲ್ಲ. ಅವು ಬಿಜಾಪುರ, ಬೀದರ್ ದಾಟಿ ಕನ್ನಡಕ್ಕೂ ಬಂದಿವೆ. ನಮ್ಮ ಪಕ್ಕದ ಮನೆಯವರು ರಂಜಾನ್ ತಿಂಗಳಲ್ಲಿ "ಇವತ್ತು ರೋಜಾ ಇದೀವಿ" ಅನ್ನುವಾಗ, ಇರಾನಿನ ಹಳೆಯ ಮಾತೊಂದು ನಮ್ಮ ಬೀದಿಯಲ್ಲೇ ಕೇಳಿಸುತ್ತದೆ. ಗೆಳೆಯ ಒಂದೊಂದು ಪದಕ್ಕೂ ಒಂದೊಂದು ಸಾಲು ಬಿಟ್ಟು "ಖಾತ್ರಿ"ಯಲ್ಲಿ ಬರೆದ. ಆಚರಣೆ ಬಂತೋ ಪದ ಮಾತ್ರ ಬಂತೋ ಎಂದು ಕೆಳಗೆ ಸಣ್ಣಗೆ ಒಂದು ಷರಾ.

ಏಳನೇ ದಿನ: ಅಬರ್ಕೂಹ್

ಯಜ್ದಿನಿಂದ ಶಿರಾಜ್ ದಾರಿಯಲ್ಲಿ ಅಬರ್ಕೂಹ್. ಅಲ್ಲಿ 4000 ವರ್ಷಕ್ಕಿಂತ ಹಳೆಯದು ಎನ್ನುವ ಒಂದು ಸರ್ವ್ (ಸೈಪ್ರೆಸ್) ಮರ ಇದೆ. ಜರತುಷ್ಟ್ರನೇ ನೆಟ್ಟದ್ದು ಎಂಬ ಕಥೆಯೂ ಇದೆ. ಯಾವ ಕಾಲಂ ಎಂದು ಹೇಳಬೇಕಾಗಿಲ್ಲ. ಜರತುಷ್ಟ್ರ ಇದ್ದದ್ದು ಯಾವಾಗ ಎಂಬುದರಲ್ಲೇ ವಿದ್ವಾಂಸರ ನಡುವೆ ಸಾವಿರ ವರ್ಷದಷ್ಟು ವ್ಯತ್ಯಾಸ. ಮರ ಮಾತ್ರ ಹಸಿರಾಗಿ, ಆರೋಗ್ಯವಾಗಿ ನಿಂತಿದೆ.

ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಟೈರ್ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಡ್ರೈವರ್ ಲಾರಿ ಹತ್ತಿ ಹೋದವನು ಮೂರು ಗಂಟೆ ಬಿಟ್ಟು ಬಂದ. ಕತ್ತಲಾಯಿತು. ಸೈರಸನ ಸಮಾಧಿಯಿರುವ ಪಸಾರ್ಗಡ್ ದಾರಿಯಲ್ಲೇ ಇದ್ದರೂ ನೋಡದೆ ದಾಟಿ, ಹಳೆಯ ಪರ್ಷಿಯಾದ ರಾಜಧಾನಿ ಪರ್ಸೆಪೊಲಿಸ್ ಹತ್ತಿರದ ಮರ್ವ್‌ದಶ್ತ್‌ನಲ್ಲಿ ಮಲಗಿದೆವು.

ಎಂಟನೇ ದಿನ: ನಖ್ಷ್-ಎ-ರುಸ್ತಮ್, ಪಸಾರ್ಗಡ್

ನಖ್ಷ್-ಎ-ರುಸ್ತಮ್‌ನಲ್ಲಿ ಬಂಡೆಯ ಎತ್ತರದಲ್ಲಿ ನಾಲ್ಕು ದೊರೆಗಳ ಸಮಾಧಿ ಕೊರೆದಿದ್ದಾರೆ. ಕೆಳಗೆ ಸಸಾನಿಗಳ ಕೆತ್ತನೆ. ಒಂದರಲ್ಲಿ ಮೊದಲನೆಯ ಅರ್ದಶೀರ್ ಕುದುರೆಯ ಮೇಲೆ, ಎದುರಿಗೆ ಇನ್ನೊಂದು ಕುದುರೆಯ ಮೇಲೆ ಸ್ವತಃ ಅಹುರಮಜ್ದಾ, ಕೈಯಲ್ಲಿ ಅಧಿಕಾರದ ಉಂಗುರ. ದೊರೆಯ ಕುದುರೆಯ ಕಾಲಡಿ ಸೋತ ಶತ್ರು, ದೇವರ ಕುದುರೆಯ ಕಾಲಡಿ ಅಹ್ರಿಮನ್. ಎಷ್ಟು ನೇರ ನೋಡಿ. ನನ್ನ ಶತ್ರು ಅಂದರೆ ದೇವರ ಶತ್ರು.

ಎದುರಿಗಿರುವ ಚೌಕದ ಕಲ್ಲಿನ ಗೋಪುರದ ಮೇಲೆ ಕರ್ತೀರ್ ಎಂಬ ಮುಖ್ಯ ಪುರೋಹಿತನ ಶಾಸನ ಇದೆ. 3ನೇ ಶತಮಾನ. ತಾನು ಯಾರನ್ನೆಲ್ಲ ಹೊಡೆದು ಹತ್ತಿಕ್ಕಿದೆ ಎಂದು ಹೆಮ್ಮೆಯಿಂದ ಪಟ್ಟಿ ಕೊಟ್ಟಿದ್ದಾನೆ: ಯಹೂದಿಗಳು, ಬೌದ್ಧರು, ಬ್ರಾಹ್ಮಣರು, ಕ್ರೈಸ್ತರು, ಮಾನಿ ಎಂಬ ಪ್ರವಾದಿಯ ಅನುಯಾಯಿಗಳು. ನಾನು ಇಷ್ಟು ದಿನ ಈ ಧರ್ಮದ ಪರ ವಕೀಲನಾಗಿದ್ದೆ. ಇದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಾದೆ. ಸೈರಸ್ ಬಿಡಿಸಿ ಕಳಿಸಿದ ಜನರನ್ನೇ 800 ವರ್ಷದ ಮೇಲೆ ಕರ್ತೀರ್ ಹೊಡೆದ. ಅವನ ಕೈಯಲ್ಲಿ ಅಧಿಕಾರ ಇತ್ತು, ಅಷ್ಟೇ.

ಮಧ್ಯಾಹ್ನ ಪಸಾರ್ಗಡ್. ಬಯಲಿನ ನಡುವೆ ಒಂಟಿಯಾಗಿ ಸೈರಸನ ಸಮಾಧಿ. ಆರು ಮೆಟ್ಟಿಲಿನ ಜಗುಲಿ, ಮೇಲೆ ಕಲ್ಲಿನ ಮನೆ. ಒಟ್ಟು ಸುಮಾರು 11 ಮೀಟರ್ ಎತ್ತರ. ಪರ್ಸೆಪೊಲಿಸಿನ ಆಡಂಬರ ಒಂದೂ ಇಲ್ಲ. ಸೈರಸ್ ಜರತುಷ್ಟ್ರನ ಅನುಯಾಯಿಯೇ ಆಗಿದ್ದನೇ ಎಂದು ಗೆಳೆಯ ಕೇಳಿದ. ಗಟ್ಟಿ ಸಾಕ್ಷಿ ಇಲ್ಲ. ಬ್ಯಾಬಿಲೋನಿನಲ್ಲಿ ಸಿಕ್ಕ ಅವನ ಮಣ್ಣಿನ ಸಿಲಿಂಡರಿನಲ್ಲಿ ಹೊಗಳಿರುವುದು ಅಲ್ಲಿಯ ದೇವರು ಮರ್ದೂಕನನ್ನು. ಯಹೂದಿಗಳ ಪುಸ್ತಕದಲ್ಲಿ ಅವರ ದೇವರನ್ನು. ಯಾವ ಊರಿಗೆ ಹೋದರೆ ಆ ಊರಿನ ದೇವರಿಗೆ ಕೈಮುಗಿಯುವ ಮನುಷ್ಯ ಇರಬೇಕು.

ಸಮಾಧಿಯಿಂದ ಆಚೆ ಅರಮನೆಯ ತೋಟದ ಗುರುತು ಇದೆ. ತೋಟ ಇಲ್ಲ. ಕಲ್ಲಿನ ಕಾಲುವೆಗಳು ಮಾತ್ರ ನೆಲದಲ್ಲಿ ಗೆರೆ ಎಳೆದಂತೆ ಉಳಿದಿವೆ. ಗೋಡೆ ಕಟ್ಟಿದ ತೋಟಕ್ಕೆ ಹಳೆಯ ಇರಾನಿ ಮಾತು ಪೈರಿದಯೇಜ. ಹೀಬ್ರೂವಿಗೆ ಹೋಗಿ ಪರ್ದೇಸ್. ಗ್ರೀಕಿಗೆ ಹೋಗಿ ಪರದೈಸೋಸ್, ಅಲ್ಲಿಂದ ಪ್ಯಾರಡೈಸ್. ಕುರಾನಿನಲ್ಲಿ ಫಿರ್ದೌಸ್. ಗೆಳೆಯ ಲೂಕನ ಸುವಾರ್ತೆ ತೆರೆದ. ಶಿಲುಬೆಯ ಮೇಲೆ ಯೇಸು ಪಕ್ಕದ ಕಳ್ಳನಿಗೆ, ಈ ಹೊತ್ತೇ ನನ್ನ ಸಂಗಡ ಇರುವಿ ಎಂದು ಹೇಳುವ ಆ ಜಾಗದ ಹೆಸರು ಕನ್ನಡ ಬೈಬಲಿನಲ್ಲೂ 'ಪರದೈಸು'. ಅವನು ಅದನ್ನು ಎಷ್ಟೋ ಶುಭ ಶುಕ್ರವಾರ ಕೇಳಿದವನು. ಕಾಲುವೆಯ ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿ, ಒಣಗಿದ ಕಾಲುವೆಯೊಳಗೆ ಕಾಲು ಇಳಿಬಿಟ್ಟ. "ಖಾತ್ರಿ"ಯಲ್ಲಿ ಬರೆದ. ಏನೂ ಹೇಳಲಿಲ್ಲ.

ವಾಪಸು ಸಮಾಧಿಯ ಹತ್ತಿರ ಬಂದಾಗ ನಾನು ಉಳಿದ ಒಂದು ಕಥೆ ಹೇಳಿದೆ. ನೂರಾರು ವರ್ಷ ಇಲ್ಲಿಯ ಜನರಿಗೆ ಇದು ಸೈರಸನ ಸಮಾಧಿ ಎಂದು ಗೊತ್ತೇ ಇರಲಿಲ್ಲ. ಸೊಲೊಮೋನನ ತಾಯಿಯ ಸಮಾಧಿ ಅನ್ನುತ್ತಿದ್ದರು. ಸೊಲೊಮೋನ್ ಅಂದರೆ ಕುರಾನಿನ ಸುಲೈಮಾನ್ ಪೈಗಂಬರ್. ಹಾಗಾಗಿ ಯಾರೂ ಒಡೆಯಲಿಲ್ಲ. ಯಹೂದಿಗಳನ್ನು ಉಳಿಸಿದ ದೊರೆಯ ಗೋರಿಯನ್ನು ಯಹೂದಿ ರಾಜನ ತಾಯಿ ಮುಸ್ಲಿಮರಿಂದ ಉಳಿಸಿದಳು. ಒಳಗೋಡೆಯಲ್ಲಿ ಮೆಕ್ಕಾದ ದಿಕ್ಕು ತೋರಿಸುವ ಮಿಹ್ರಾಬ್ ಕೂಡ ಕೆತ್ತಿದ್ದಾರೆ. 13ನೇ ಶತಮಾನದಲ್ಲಿ ಇದರ ಸುತ್ತ ಒಂದು ಮಸೀದಿ ಕಟ್ಟಿದರು. ಅದಕ್ಕೆ ಸೈರಸನ ಅರಮನೆಗಳಿಂದಲೇ ಕಂಬಗಳನ್ನು ಕಿತ್ತು ತಂದರು. 1970ರ ದಶಕದಲ್ಲಿ ರಿಪೇರಿ ಮಾಡುವಾಗ ಆ ಕಲ್ಲುಗಳನ್ನು ಮತ್ತೆ ಅವುಗಳ ಮೂಲ ಜಾಗದ ಹತ್ತಿರಕ್ಕೆ ಸಾಗಿಸಿದರು.

ಗೆಳೆಯ ಪೆನ್ನು ತೆಗೆದ. "ತಗೊಂಡದ್ದೂ ಗೊತ್ತುಂಟು, ವಾಪಸ್ ಕೊಟ್ಟದ್ದೂ ಗೊತ್ತುಂಟು. ಎಂಟು ದಿನದಲ್ಲಿ ಸಿಕ್ಕಿದ ಒಂದೇ ಕ್ಲೋಸ್ ಆದ ಅಕೌಂಟ್ ಇದು ಮಾರಾಯ" ಎಂದು ಟಿಕ್ ಹಾಕಿ, ಡ್ರೈವರ್ ಹಾರ್ನ್ ಮಾಡುತ್ತಿದ್ದಾನೆಂದು ಕಾರಿನ ಕಡೆ ನಡೆದ.